ನಮ್ಮತ್ತಿಗೆಯ ಕೌಂಟರು ಮತ್ತು ಒಂದು ‘ಬರ್ತೀನಿ’

ನಮ್ಮತ್ತಿಗೆಗೆ ನಗುವುದಕ್ಕೇ ಬರುವುದಿಲ್ಲ ಎಂದು ಈ ಊರಿನ ಅರ್ಧ ಜನ ನಂಬಿದ್ದಾರೆ. ಅವರ ತಪ್ಪೇನೂ ಇಲ್ಲ. ಅವರು ಅವಳನ್ನು ನೋಡಿರುವುದೇ ಬಂದರಿನ ವಲಸೆ ಕಚೇರಿಯಲ್ಲಿ, ಗಾಜಿನ ಹಿಂದೆ, ಎತ್ತರದ ಕುರ್ಚಿಯ ಮೇಲೆ ಸೀಲು ಹಿಡಿದು ಕೂತಿರುವಾಗ. ಹಡಗಿಳಿದು ಬಂದವರ ಪಾಸ್‌ಪೋರ್ಟ್ ಇಸಿದುಕೊಂಡು, ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿ, ಒಳಗೆ ಬಿಡಬೇಕೋ ಪಕ್ಕಕ್ಕೆ ಕೂರಿಸಬೇಕೋ ಎಂದು ತೀರ್ಮಾನಿಸುವ ಕೆಲಸ ಅವಳದು. ಊರು ಬಿಟ್ಟು ಹೊರಟವರಿಗೆ ಸೀಲು ಹೊಡೆದು ಕಳಿಸುವುದೂ ಅವಳದೇ. ಅಲ್ಲಿ ನಗುವಂತಿಲ್ಲವಂತೆ. ಇವಳು ನಕ್ಕರೆ ಎದುರಿನವರೂ ನಗುತ್ತಾರೆ, ನಕ್ಕ ಮುಖ ಫೋಟೋಗೆ ಹೊಂದುವುದಿಲ್ಲ, ಕ್ಯಾಮೆರಾ ತಕರಾರು ತೆಗೆಯುತ್ತದೆ, ಕ್ಯೂ ನಿಂತುಬಿಡುತ್ತದೆ.

ಮನೆಗೆ ಬಂದಳೆಂದರೆ ಬೇರೆಯೇ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಆ ದಿನದ ಕತೆ ಶುರುವಾಗುತ್ತದೆ. ಕತೆಗಿಂತ ಮುಂಚೆ ಅವಳ ನಗುವೇ ಒಳಗೆ ಬಂದಿರುತ್ತದೆ. ನಾನು ಅವಳ ನಾದಿನಿ. ಅಣ್ಣ ಅತ್ತಿಗೆ ಕೆಳಗಿರುತ್ತಾರೆ, ನಾನು ಮಹಡಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಊರವರ ಬಟ್ಟೆ ಹೊಲಿಯುತ್ತೇನೆ. ನಾದಿನಿಯ ಬಾಯಿಂದ ಅತ್ತಿಗೆಯ ಹೊಗಳಿಕೆ ಸುಲಭಕ್ಕೆ ಹೊರಡುವ ಸರಕಲ್ಲ. ಹಾಗಾಗಿ ಇಲ್ಲಿ ಬರುವ ಒಳ್ಳೆಯ ಮಾತುಗಳನ್ನು ನೀವು ಕಣ್ಣುಮುಚ್ಚಿ ನಂಬಬಹುದು.

ಅಣ್ಣನದು ಕನ್ನಡಕದ ಅಂಗಡಿ. ಅವನು ದಿನವಿಡೀ ಜನರಿಗೆ ಕನ್ನಡಕ ಹಾಕಿಸುತ್ತಾನೆ, ಅವಳು ದಿನವಿಡೀ “ಕನ್ನಡಕ ತೆಗೀರಿ, ಕ್ಯಾಮೆರಾ ನೋಡಿ” ಅನ್ನುತ್ತಾಳೆ. ಇಂಥವರ ಸಂಸಾರ ಹೇಗೆ ನಡೆಯುತ್ತದೋ ಎಂದು ಮದುವೆಯಾದ ಹೊಸತರಲ್ಲಿ ನನಗೇ ಅನುಮಾನವಿತ್ತು. ಚೆನ್ನಾಗಿಯೇ ನಡೆಯುತ್ತಿದೆ. ಅಣ್ಣ ತರಕಾರಿ ಚೀಲ ಹಿಡಿದು ಬಂದರೆ ಅವಳು ಹೊಸ್ತಿಲಲ್ಲೇ ಅಡ್ಡ ನಿಲ್ಲುತ್ತಾಳೆ.

“ಎಲ್ಲಿಂದ ಬಂದ್ರಿ? ಎಷ್ಟು ದಿನ ಇರೋ ಅಂದಾಜು? ಚೀಲ ನೀವೇ ತುಂಬಿದ್ದಾ, ಬೇರೆ ಯಾರಾದ್ರೂ ತುಂಬಿಕೊಟ್ರಾ?”

“ಸಾಯೋವರೆಗೂ ಇರೋ ಅಂದಾಜು. ವೀಸಾ ನಿಮ್ಮಪ್ಪಾನೇ ಕೊಟ್ಟಿದ್ದಾರೆ,” ಅನ್ನುತ್ತಾನೆ ಅವನು. ಆಮೇಲೆ ಚೀಲದಲ್ಲಿ ಕೊಳೆತ ಟೊಮೇಟೊ ಸಿಕ್ಕಿದರೆ ಅವನ ವೀಸಾ ಅಲ್ಲಿಗೇ ರದ್ದು.

ಈ ಕೆಲಸದ ಬಗ್ಗೆ ಪೇಪರಿನಲ್ಲಿ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ದಿನ ಇವರನ್ನು ಕಲ್ಲೆದೆಯವರು ಅಂತ ಬರೆಯುತ್ತಾರೆ, ಮಾರನೆಯ ದಿನ ಬಾಗಿಲು ಹಾರುಹೊಡೆದಿಟ್ಟು ನಿದ್ದೆ ಮಾಡುವವರು ಅಂತ ಬರೆಯುತ್ತಾರೆ. ಬರೆದವರಲ್ಲಿ ಒಬ್ಬರಾದರೂ ಆ ಕುರ್ಚಿಯಲ್ಲಿ ಒಂದು ಶಿಫ್ಟ್ ಕೂತಿದ್ದರೆ ಪೆನ್ನು ಬಿಟ್ಟು ಬೆನ್ನಿಗೆ ಮುಲಾಮು ಹುಡುಕುತ್ತಿದ್ದರು. ಹಡಗು ಬಂತೆಂದರೆ ಹಾಲ್ ತುಂಬ ಜನ, ಅಳುವ ಮಕ್ಕಳು, ಹರಿದ ಚೀಲಗಳು. ಮಾತಾಡಲೆಂದು ಗಾಜಿನಲ್ಲಿ ತೂತು ಕೊರೆದ ಪುಣ್ಯಾತ್ಮ ಅದನ್ನು ಎಷ್ಟು ಕೆಳಗೆ ಕೊರೆದಿದ್ದಾನೆಂದರೆ ಒಳಗಿನವರೂ ಹೊರಗಿನವರೂ ಬಗ್ಗಿಯೇ ಮಾತಾಡಬೇಕು. ಒಬ್ಬೊಬ್ಬರಿಗೆ ಸಿಗುವುದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಕ್ಯೂ ಉದ್ದವಾದರೆ ಮೇಲಿನಿಂದ ಫೋನು, “ಯಾಕ್ರೀ ಇಷ್ಟು ನಿಧಾನ?” ಬೇಗ ಬೇಗ ಬಿಟ್ಟರೆ ಮೀಟಿಂಗಿನಲ್ಲಿ ಅದೇ ದನಿ, “ಯಾಕ್ರೀ ಇಷ್ಟು ಅವಸರ?” ನಿಯಮದ ಪುಸ್ತಕ ಇಟ್ಟಿಗೆಯಷ್ಟು ದಪ್ಪಗಿದೆ. ಆದರೆ ಎದುರಿಗೆ ನಿಂತಿರುವ ಈ ಒಬ್ಬ ಮನುಷ್ಯನ ವಿಷಯ ಮಾತ್ರ ಅದರಲ್ಲಿ ಸಿಗುವುದಿಲ್ಲ ಅಂತ ಅತ್ತಿಗೆ ಹೇಳುತ್ತಾಳೆ.

ಅವಳದೇ ಒಂದು ವರಸೆ ಇದೆ. ಹೆದರಿದವರನ್ನು ಅವಳು ಅನುಮಾನಿಸುವುದಿಲ್ಲ. “ಹೆದರಿಕೆ ನೋಡಿ ಹಿಡಿಯೋಕೆ ಹೋದ್ರೆ ಮೊದಲು ಅಜ್ಜಿಯಂದಿರನ್ನೇ ಹಿಡೀಬೇಕಾಗುತ್ತೆ. ಸುಳ್ಳು ಹೇಳೋರು ಉತ್ತರ ರೆಡಿ ಮಾಡ್ಕೊಂಡೇ ಬಂದಿರ್ತಾರೆ. ನಿಜ ಹೇಳೋರೇ ಪಾಪ ತಡವರಿಸೋದು,” ಅನ್ನುತ್ತಾಳೆ. ಯಾರನ್ನು ನೋಡಲು ಬಂದಿರಿ ಎಂದು ಎಲ್ಲರೂ ಕೇಳುತ್ತಾರೆ. ಇವಳು ಅದರ ಜತೆಗೆ, “ಅವರಿಗೆ ಏನು ತಂದಿದ್ದೀರಿ?” ಎಂದು ಕೇಳುತ್ತಾಳೆ. ನಿಜವಾಗಿ ತಂಗಿಯ ಮನೆಗೆ ಬಂದ ಅಣ್ಣ, “ಏನು ತಂದ್ರೂ ಅವಳಿಗೆ ಕೊಂಕೇ ಮೇಡಂ,” ಅಂತ ಶುರುಮಾಡುತ್ತಾನೆ. ಅಷ್ಟು ಸಾಕು, ಸೀಲು ಬೀಳುತ್ತದೆ.

ಹಾಗೆಂದು ನಮ್ಮತ್ತಿಗೆ ಬೆಣ್ಣೆಯ ಮುದ್ದೆ ಅಂದುಕೊಳ್ಳಬೇಡಿ. ಒಮ್ಮೆ ಅಚ್ಚುಕಟ್ಟಾಗಿ ಬಟ್ಟೆ ಹಾಕಿದ ಒಬ್ಬಾತ ಮೂವರು ಹುಡುಗಿಯರನ್ನು ಕೆಲಸ ಕೊಡಿಸುವುದಾಗಿ ಕರೆದುಕೊಂಡು ಬಂದಿದ್ದ. ನಾಲ್ಕೂ ಪಾಸ್‌ಪೋರ್ಟ್ ಅವನ ಜೇಬಿನಲ್ಲೇ ಇದ್ದವು. ಇವಳು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಏನು ಕೆಲಸ ಅಂತ ಕೇಳಿದಳು. ಒಬ್ಬಳಿಗೂ ಗೊತ್ತಿರಲಿಲ್ಲ. ಅವನು ಹೊರಗೆ ಬಂದದ್ದು ಪೊಲೀಸರ ಜತೆ. ಅವತ್ತು ಅತ್ತಿಗೆ ಎರಡು ಸಲ ಊಟಕ್ಕೆ ಕೂತಳು. ಇನ್ನೊಂದು ದಿನ, ತನಗೆ ಪೂರ್ತಿ ನಂಬಿಕೆ ಬಂದಿದ್ದ ಒಬ್ಬರನ್ನು ನಿಯಮದಲ್ಲಿ ಸಂದಿಯೇ ಸಿಗದೆ ವಾಪಸ್ ಹಡಗು ಹತ್ತಿಸಬೇಕಾಯಿತು. ಅವತ್ತು ಮನೆಯ ಪಾತ್ರೆಗಳನ್ನೆಲ್ಲ, ತೊಳೆದಿಟ್ಟಿದ್ದನ್ನೂ ಸೇರಿಸಿ, ಸದ್ದು ಮಾಡಿಕೊಂಡು ತೊಳೆದಳು. ನಾನೂ ಅಣ್ಣನೂ ಆ ಕಡೆ ತಲೆ ಹಾಕಲಿಲ್ಲ.

ಈಗ ಪೂರ್ಣವಿರಾಮ ಅವರ ವಿಷಯಕ್ಕೆ ಬರುತ್ತೇನೆ. ಅವರು ಇದೇ ಕಚೇರಿಯ ಮಹಡಿಯಲ್ಲಿ ಹೇಳಿಕೆ ಬರೆದುಕೊಳ್ಳುವ ಅಧಿಕಾರಿ. ಊರಲ್ಲಿ ಅವಧಿ ಮೀರಿ ಉಳಿದವರು, ಪರ್ಮಿಟ್ ಕಳೆದುಕೊಂಡವರು ಮೊದಲು ಅವರ ಮುಂದೆ ಕೂರಬೇಕು. ಅವರು ಕೇಳಿದ್ದು, ಇವರು ಹೇಳಿದ್ದು ಎಲ್ಲ ಕಂಪ್ಯೂಟರಿಗೆ ಹೋಗಬೇಕು. ಪ್ರತಿ ವಾಕ್ಯ ಮುಗಿದಾಗ ಅವರು ಚುಕ್ಕಿಯ ಕೀಲಿಯನ್ನು ಎಷ್ಟು ಜೋರಾಗಿ ಕುಟ್ಟುತ್ತಾರೆಂದರೆ ಪಕ್ಕದ ರೂಮಿನವರು ಬೆಚ್ಚುತ್ತಾರೆ. ಹಾಗೆ ಕುಟ್ಟುವುದಕ್ಕೇ ಅವರಿಗೆ ಈ ಹೆಸರು ಬಿದ್ದಿದ್ದು.

ಮನುಷ್ಯ ಕೆಟ್ಟವರಲ್ಲ. ಮೇಜು ತಾವೇ ಒರೆಸಿಕೊಳ್ಳುತ್ತಾರೆ, ಕಚೇರಿಯ ಒಂದು ಪೆನ್ನನ್ನೂ ಮನೆಗೆ ಒಯ್ದವರಲ್ಲ. ಹಿಂದೊಮ್ಮೆ ಅವರ ಮೇಲಧಿಕಾರಿಯೊಬ್ಬರು ಯಾರೋ ಬಡಪಾಯಿ ಹೇಳಿದ್ದಕ್ಕೆ ತಮಗೆ ತೋಚಿದ ಅರ್ಥ ಕಟ್ಟಿ ಬರೆದು, ಅವನ ಬಾಳು ಹಾಳಾಗಿತ್ತಂತೆ. ಅಂದಿನಿಂದ ಇವರದು ಒಂದೇ ಹಟ. “ನಾನು ಅರ್ಥ ಬರೆಯೋನಲ್ಲ ಮೇಡಂ, ಮಾತು ಬರೆಯೋನು.” ತೊಂದರೆ ಏನೆಂದರೆ, ಮಾತನ್ನೂ ಅವರು ಇದ್ದ ಹಾಗೆ ಬಿಡುವುದಿಲ್ಲ. ಕಚೇರಿಯ ಭಾಷೆಯ ಕೋಟು ತೊಡಿಸಿಯೇ ಒಳಗೆ ಕೂರಿಸುವುದು. ನೀವು ಟೀ ಕುಡಿದೆ ಅಂದರೆ ಅಲ್ಲಿ ‘ಚಹಾ ಸೇವಿಸಿರುವುದಾಗಿ ಒಪ್ಪಿಕೊಂಡಿರುತ್ತಾರೆ’ ಎಂದಾಗುತ್ತದೆ. ಟೀ ಕುಡಿದದ್ದೇ ಅಪರಾಧವೇನೋ ಅನ್ನಿಸಬೇಕು.

ಇವರ ಮುಂದೆ ಬಂದು ಕೂತವಳು ಒಬ್ಬ ಪರದೇಶದ ಹೆಂಗಸು, ಹೆಚ್ಚುಕಡಿಮೆ ಅತ್ತಿಗೆಯದೇ ವಯಸ್ಸು. ಬಂದರಿನ ಹಿಂದಿನ ಬೀದಿಯ ಒಂದು ಮನೆಯಲ್ಲಿ ಮುದುಕ ಮುದುಕಿಯನ್ನು ನೋಡಿಕೊಳ್ಳಲು ವರ್ಷಗಳ ಹಿಂದೆ ಬಂದವಳು. ಬಂದಾಗ ನಮ್ಮ ಭಾಷೆಯ ಒಂದಕ್ಷರ ಗೊತ್ತಿರಲಿಲ್ಲ. ಕಲಿಸಿದ್ದು ಮನೆಯ ಅಜ್ಜಿ. ಹಾಗಾಗಿ ಆಕೆ ಮಾತಾಡುವುದು ಥೇಟ್ ಎಂಬತ್ತು ದಾಟಿದ ಅಜ್ಜಿಯ ಹಾಗೆ. ಕೂರುವಾಗ “ಉಸ್ಸಪ್ಪಾ” ಅನ್ನುತ್ತಾಳೆ, ಹೆಂಗಸರಿಗೆಲ್ಲ “ತಾಯಿ”, ಗಂಡಸರಿಗೆಲ್ಲ “ಮಗಾ”. ಬಸ್ ಡ್ರೈವರಿಗೂ ಮಗಾ, ಬ್ಯಾಂಕ್ ಮ್ಯಾನೇಜರಿಗೂ ಮಗಾ.

ಆಕೆಯ ಪರ್ಮಿಟ್ ಇದ್ದದ್ದು ಅಜ್ಜಿಯ ಹೆಸರಿನಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಅದೂ ತೀರಿತು. ನಿಯಮದ ಪ್ರಕಾರ ಆಕೆ ಹೊರಡಬೇಕಿತ್ತು. ಆದರೆ ಅಜ್ಜನಿಗೆ ಸ್ಟವ್ ಹಚ್ಚುವುದೂ ಗೊತ್ತಿರಲಿಲ್ಲ, ಮಾತ್ರೆ ಯಾವುದು ಪೆಪ್ಪರ್‌ಮಿಂಟ್ ಯಾವುದು ಎಂದೂ ಗೊತ್ತಿರಲಿಲ್ಲ. ಬಿಟ್ಟು ಹೋಗಲು ಮನಸ್ಸು ಬಾರದೆ ಆಕೆ ಉಳಿದುಬಿಟ್ಟಳು. ಅಜ್ಜನ ಅಣ್ಣನ ಮಗಳು ಬಂದು ಜತೆಗಿರಲು ಒಪ್ಪಿದ ಮೇಲೆ, ಯಾರೂ ಕರೆಯದೆ ತಾನೇ ಕಚೇರಿಗೆ ಬಂದು, “ತಪ್ಪಾಯ್ತು, ಹೊರಡ್ತೀನಿ,” ಅಂದಳು. ತನ್ನೂರಲ್ಲಿ ಮಗಳು ಚೊಚ್ಚಲ ಬಸುರಿ, ದಿನ ತುಂಬುತ್ತಿತ್ತು. ಹೆರಿಗೆ, ಬಾಣಂತನ ಮುಗಿಸಿ, ಅಜ್ಜನ ಹೆಸರಿನಲ್ಲಿ ಹೊಸ ಪರ್ಮಿಟ್‌ಗೆ ಅರ್ಜಿ ಹಾಕಿ, ಕಾಯ್ದೆ ಪ್ರಕಾರ ಮರಳಬೇಕೆಂಬುದು ಆಕೆಯ ಆಸೆ. ಅಜ್ಜನ ಆಸೆಯೂ ಅದೇ.

ಇದಕ್ಕೆ ದಾರಿಯೂ ಇತ್ತು. ಕಚೇರಿಯವರ ಬಾಯಲ್ಲಿ ಅವಧಿ ಮೀರಿದವರಲ್ಲಿ ಎರಡೇ ಜಾತಿ. ಒಂದು ‘ತಾನಾಗಿ’, ಇನ್ನೊಂದು ‘ಕಳಿಸೋದು’. ತಾನಾಗಿ ಹೊರಟವರು ತಮ್ಮ ಟಿಕೆಟ್ಟಿನಲ್ಲಿ ತಮ್ಮ ಪಾಡಿಗೆ ಹೋಗಬಹುದು, ಮುಂದೆ ಮತ್ತೆ ಅರ್ಜಿ ಹಾಕಬಹುದು. ಕಳಿಸೋದು ಎಂದಾದರೆ ಮೊದಲು ಬೀಗ ಹಾಕಿದ ರೂಮು, ಆಮೇಲೆ ಕಾವಲಿನವರ ಜತೆ ಪ್ರಯಾಣ, ವರ್ಷಗಟ್ಟಲೆ ಈ ಕಡೆ ತಲೆ ಹಾಕುವಂತಿಲ್ಲ. ಅಜ್ಜನ ವಯಸ್ಸಿಗೆ ವರ್ಷಗಟ್ಟಲೆ ಅಂದರೆ ಇನ್ನು ಎಂದೆಂದಿಗೂ ಅಂತಲೇ ಅರ್ಥ. ಆಕೆ ತಾನಾಗಿ ಬಂದಿದ್ದರಿಂದ ಪೂರ್ಣವಿರಾಮ ಅವರು ಹೇಳಿಕೆ ಬರೆದುಕೊಂಡು, “ಸರಿ, ಟಿಕೆಟ್ ತಗೊಳ್ಳಿ,” ಎಂದು ಕಳಿಸಿದರು.

ಹೊರಡುವ ದಿನ ಆಕೆ ಸೂಟ್‌ಕೇಸ್ ಎಳೆದುಕೊಂಡು ಬಂದು ನಿಂತದ್ದು ಅತ್ತಿಗೆಯ ಕೌಂಟರಿಗೆ. ಕಳಿಸಲು ಬಂದವರನ್ನು ತಡೆಯುವ ಹಗ್ಗದ ಆಚೆ ಬೆಂಚಿನಲ್ಲಿ ಅಜ್ಜ ಕೋಲೂರಿ ಕೂತಿದ್ದರು. ಆಕೆಯ ಕೈಯಲ್ಲಿ ಹೆಣೆದ ಪುಟ್ಟ ಸ್ವೆಟರ್. ಚೀಲದಲ್ಲಿಟ್ಟರೆ ಮುದುರುತ್ತದೆಂದು ಕೈಯಲ್ಲೇ ಹಿಡಿದಿದ್ದಳಂತೆ. ಮಗಳಿಗೆ ಏನು ಒಯ್ಯುತ್ತಿದ್ದೀರಿ ಎಂದು ಅತ್ತಿಗೆ ಕೇಳಬೇಕಾದ ಪ್ರಮೇಯವೇ ಬರಲಿಲ್ಲ. ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟಳು. ಸ್ಕ್ರೀನ್ ಕೆಂಪಾಯಿತು.

‘ಕಳಿಸೋದು.’

ಅತ್ತಿಗೆ ಮುಖದಲ್ಲಿ ಏನೂ ತೋರಿಸದೆ, ಕೌಂಟರನ್ನು ಪಕ್ಕದವರಿಗೆ ಒಪ್ಪಿಸಿ, ಆಕೆಯನ್ನು ಒಳರೂಮಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ನಿಯಮದ ಪ್ರಕಾರ ಇನ್ನು ಪಾಸ್‌ಪೋರ್ಟ್ ಇಟ್ಟುಕೊಂಡು ಕಾವಲಿನವರನ್ನು ಕರೆಯಬೇಕು, ಅಷ್ಟೆ. ಹಡಗು ಆಕೆಯನ್ನು ಬಿಟ್ಟು ಹೋಗುತ್ತದೆ. ಅತ್ತಿಗೆ ಫೋನಿಗೆ ಕೈ ಹಾಕುವ ಮುಂಚೆ ಹೇಳಿಕೆ ತೆಗೆದು ಓದಿದಳು. ಕೊನೆಯಲ್ಲಿ ಹೀಗಿತ್ತು:

‘ವಿಚಾರಣೆ ಮುಗಿದ ನಂತರ ಸದರಿಯವರು ಎದ್ದು ನಿಂತು, ಅನುಮತಿಯ ಪ್ರಸ್ತಾಪವನ್ನೇ ಮಾಡದೆ, ತಾವು ಬರುವುದಾಗಿ ತಿಳಿಸಿರುತ್ತಾರೆ. ಬರುವಿರಾ ಎಂದು ಪ್ರಶ್ನಿಸಲಾಗಿ, ಬರುವುದಾಗಿ ಪುನರುಚ್ಚರಿಸಿರುತ್ತಾರೆ. ಖಂಡಿತವೇ ಎಂದು ಮತ್ತೆ ಪ್ರಶ್ನಿಸಲಾಗಿ, ಖಂಡಿತವಾಗಿಯೂ ಬರುವುದಾಗಿ ದೃಢಪಡಿಸಿರುತ್ತಾರೆ. ನನ್ನನ್ನು ಮಗನೆಂದು ಸಂಬೋಧಿಸಿರುತ್ತಾರೆ.’

ಇದನ್ನು ಮೇಲೆಲ್ಲೋ ಕೂತ, ಆಕೆಯ ಮುಖವನ್ನೇ ನೋಡದ ಯಾರೋ ಓದಿದ್ದಾರೆ. ಅನುಮತಿಯಿಲ್ಲದೆ ಮರಳುವ ಉದ್ದೇಶ, ಅದೂ ಮೂರು ಸಲ ಎಂದು ಗುರುತು ಹಾಕಿ, ತಾನಾಗಿ ಎಂಬುದನ್ನು ಕಳಿಸೋದು ಎಂದು ತಿದ್ದಿದ್ದಾರೆ.

“ಆ ಸಾಹೇಬರ ಹತ್ತಿರ ಏನಂದ್ರಿ ನೀವು?” ಅತ್ತಿಗೆ ಕೇಳಿದಳು.

“ಏನೂ ಅಂದಿಲ್ಲ ತಾಯಿ. ಕೇಳಿದ್ದಕ್ಕೆಲ್ಲ ಹೇಳ್ದೆ. ಎದ್ದು ಹೊರಡೋವಾಗ, ಬರ್ತೀನಿ ಮಗಾ ಅಂದೆ.”

“ಆಮೇಲೆ?”

“ಬರ್ತೀರಾ ಅಂದ. ಹೂಂ, ಬರ್ತೀನಿ ಅಂದೆ. ಖಂಡಿತಾನಾ ಅಂದ. ಅಷ್ಟು ಪ್ರೀತಿಯಿಂದ ಕೇಳೋವಾಗ ಇಲ್ಲ ಅನ್ನೋಕಾಗುತ್ತಾ? ಖಂಡಿತ ಬರ್ತೀನಿ ಅಂದೆ.” ಆಕೆ ಸ್ವೆಟರಿನ ತೋಳು ಸರಿಮಾಡಿದಳು. “ಯಾಕೆ ತಾಯಿ? ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಅಂತ ಅಜ್ಜಿ ಹೇಳಿಕೊಟ್ಟಿದ್ರು. ನಾನು ತಪ್ಪಾಗಿ ಕಲಿತ್ನಾ?”

ಅತ್ತಿಗೆಗೆ ನಗು ಬಂತು, ಅಳು ಬಂತು, ಎರಡಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಒಂದು ಮಾತಿನಿಂದಲೇ ಹೀಗಾಗಿದೆ ಎಂದು ಆಕೆಗೆ ತಿಳಿಯ ಹೇಳಿ, “ನೀವು ತಪ್ಪಾಗಿ ಕಲಿತಿಲ್ಲ. ಇಲ್ಲೇ ಕೂತಿರಿ, ಎಲ್ಲೂ ಹೋಗಬೇಡಿ,” ಅಂದಳು. ಆಕೆ ಸ್ವೆಟರನ್ನು ಮಡಿಸತೊಡಗಿದಳು. ಹಗ್ಗದ ಆಚೆಯಿಂದ ಅಜ್ಜ, “ಏನಾಯ್ತಮ್ಮಾ? ಯಾಕೆ ಒಳಗೆ ಕರ್ಕೊಂಡು ಹೋದ್ರಿ?” ಎಂದು ಕೂಗುತ್ತಿದ್ದರು.

ಕೌಂಟರಿನವರು ಹೇಳಿಕೆಯ ಒಂದಕ್ಷರ ಮುಟ್ಟುವಂತಿಲ್ಲ. ಬರೆದವರು ಮಾತ್ರ ಅದಕ್ಕೆ ವಿವರಣೆ ಸೇರಿಸಬಹುದು, ಅದನ್ನು ಇಡೀ ಕಚೇರಿ ನೋಡಿಕೊಳ್ಳುವ ದೊಡ್ಡ ಮೇಡಂ ಒಪ್ಪಬೇಕು. ಅತ್ತಿಗೆ ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಪೂರ್ಣವಿರಾಮ ಅವರ ಶಿಫ್ಟ್ ಮುಗಿದಿತ್ತು. ಮೇಜು ಒರೆಸಿ, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದರು.

“ಸಾರ್, ಆ ಹೆಂಗಸು ಬರ್ತೀನಿ ಅಂದಿದ್ದು ನಾವೆಲ್ಲ ಅಂತೀವಲ್ಲ, ಹಾಗೆ. ನಿಮಗೆ ಗೊತ್ತಿಲ್ವಾ?”

“ನನಗೆ ಗೊತ್ತಿರೋದು ಬೇರೆ, ಅವರು ಹೇಳಿರೋದು ಬೇರೆ ಮೇಡಂ. ಬರ್ತೀನಿ ಅಂದಿದ್ದು ಹೌದೋ ಅಲ್ವೋ?”

“ಹೌದು. ಆದ್ರೆ...”

“ಅಂದಿದ್ದು ಹೌದು ತಾನೇ? ಬರೆದಿದ್ದೀನಿ. ಅನುಮಾನ ಬರಬಾರದು ಅಂತಾನೇ ಎರಡೆರಡು ಸಲ ಕೇಳಿದೆ. ಆಕೆ ಬೇರೆ ದೇಶದವರು. ಯಾವ ಅರ್ಥದಲ್ಲಿ ಅಂದ್ರು ಅಂತ ನಾನು ಹೇಗೆ ಹೇಳಲಿ? ಅರ್ಥ ಕಟ್ಟೋಕೆ ಹೋದ್ರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ.”

“ಈಗ ಕಟ್ಟದೇ ಇದ್ದಿದ್ದಕ್ಕೆ ಏನಾಗಿದೆ ಅಂತ ಕೆಳಗೆ ಬಂದು ನೋಡಿ ಸಾರ್. ಒಳರೂಮಲ್ಲಿ ಕೂತಿದ್ದಾರೆ. ಅವರ ಮಗಳಿಗೆ ದಿನ ತುಂಬಿದೆ.”

ಪೂರ್ಣವಿರಾಮ ಅವರ ಮುಖ ಸಪ್ಪಗಾಯಿತಂತೆ. ಅದನ್ನು ಅತ್ತಿಗೆ ಪ್ರಾಮಾಣಿಕವಾಗಿ ಹೇಳುತ್ತಾಳೆ, ಅವರಿಗೆ ಬೇಜಾರಾದದ್ದು ನಿಜ. ಆದರೆ ಹಟ ಸಡಿಲಲಿಲ್ಲ. ಒಮ್ಮೆ ಅರ್ಥ ಬರೆಯಲು ಶುರುಮಾಡಿದರೆ ಅದಕ್ಕೆ ಕೊನೆಯೆಲ್ಲಿ, ನಾಳೆ ಇನ್ನೊಬ್ಬರು ತಮಗೆ ಬೇಕಾದ ಅರ್ಥ ಬರೆಯುತ್ತಾರೆ ಎಂದು ಗೊಣಗುತ್ತ ಡಬ್ಬಿಯ ಚೀಲದ ಜಿಪ್ ಎಳೆದರು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಕೂಗಾಡಿದರೆ ಪ್ರಯೋಜನವಿಲ್ಲ, ಅತ್ತರೆ ಮೊದಲೇ ಇಲ್ಲ. ಅವರು ಚೀಲ ಹೆಗಲಿಗೆ ಹಾಕಿಕೊಂಡು, ಲೈಟ್ ಆರಿಸಿ, ಅವಳ ಪಕ್ಕದಲ್ಲಿ ಹಾದು ಹೋಗುತ್ತ, ಮೆಲ್ಲಗೆ ಅಂದರು:

“ಸರಿ ಮೇಡಂ, ಬರ್ತೀನಿ.”

ಅತ್ತಿಗೆಯ ಮೈಯೆಲ್ಲ ಕಿವಿಯಾಯಿತು. “ಬರ್ತೀರಾ?” ಅಂದಳು.

“ಹೂಂ, ಬರ್ತೀನಿ.”

“ಖಂಡಿತಾನಾ?”

“ಅಯ್ಯೋ, ಖಂಡಿತ ಬರ್ತೀ...” ಅಂದವರು ಬಾಯಿ ತೆರೆದುಕೊಂಡೇ ನಿಂತರು. ಒಂದು ಕಾಲು ಹೊಸ್ತಿಲ ಆಚೆ, ಒಂದು ಈಚೆ.

“ಎಲ್ಲಿಗೆ ಬರ್ತೀರಿ ಸಾರ್? ಹೋಗ್ತಾ ಇದ್ದೀರಲ್ಲ!”

“ಹೋಗ್ತಾ ಇದ್ದೀನಿ.”

“ಹಾಗಾದ್ರೆ ಹೋಗ್ತೀನಿ ಅನ್ನಬೇಕಿತ್ತು.”

“ಹಾಗೆ ಅನ್ನಬಾರದಲ್ಲ ಮೇಡಂ...”

“ಯಾಕೆ ಅನ್ನಬಾರದು?”

“ನಮ್ಮಮ್ಮ ಬೈತಿದ್ರು,” ಅಂದರು ಪೂರ್ಣವಿರಾಮ, ಶಾಲೆಯ ಹುಡುಗನ ದನಿಯಲ್ಲಿ.

“ಆಕೆಗೂ ಅಜ್ಜಿ ಬೈತಿದ್ರಂತೆ,” ಅಂದಳು ಅತ್ತಿಗೆ.

ಅವರು ಹೊಸ್ತಿಲ ಆಚೆಯ ಕಾಲನ್ನು ಈಚೆ ತಂದರು. ಆಮೇಲೆ ಲೈಟ್ ಹಾಕಿದರು. ಚೀಲವನ್ನು ಒರೆಸಿದ ಮೇಜಿನ ಮೇಲೇ ಇಟ್ಟು ಕಂಪ್ಯೂಟರಿನ ಮುಂದೆ ಕೂತರು. ಬೆರಳು ಕೀಲಿಗಳ ಮೇಲಿದ್ದರೂ ಬರೆಯಲು ಮನಸ್ಸು ಗಟ್ಟಿಯಾಗಲಿಲ್ಲ. ಇಷ್ಟು ವರ್ಷ ಬರೆಯದ ಅರ್ಥವನ್ನು ಈಗ ಬರೆಯಬೇಕಿತ್ತು. ಕಡೆಗೆ ಅವರು ಬರೆದದ್ದು ಹೀಗೆ, ಅತ್ತಿಗೆಗೆ ಬಾಯಿಪಾಠ ಆಗಿದೆ:

‘ಸದರಿ “ಬರ್ತೀನಿ” ಎಂಬ ಪದವನ್ನು ನಿರ್ಗಮನದ ಸಂದರ್ಭದಲ್ಲಿ ಹಿರಿಯರಿಂದ ಕಲಿತ ಮರ್ಯಾದೆಯ ಮಾತಾಗಿ ಬಳಸಿದ್ದು, ಅದರ ಅರ್ಥವು ಹೋಗುತ್ತೇನೆ ಎಂದೇ ಆಗಿರುತ್ತದೆ. ಸದರಿ ಪದವನ್ನು ಇದೇ ಅರ್ಥದಲ್ಲಿ ನಾನೂ ಈಗತಾನೆ ಬಳಸಿರುತ್ತೇನೆ. ಮರುಪ್ರಶ್ನೆ ಕೇಳಿದ್ದು ನನ್ನ ತಪ್ಪಾಗಿರುತ್ತದೆ.’

ಚುಕ್ಕಿ ಕುಟ್ಟಿದ ಸದ್ದಿಗೆ ಈ ಸಲ ಅತ್ತಿಗೆಯೇ ಬೆಚ್ಚಿದಳು.

ದೊಡ್ಡ ಮೇಡಂಗೆ ಅವರೇ ಫೋನು ಮಾಡಿ ಓದಿ ಹೇಳಿದರು. ಆ ಕಡೆಯಿಂದ ಮೊದಲು “ಇದೇನ್ರೀ ನಿಮ್ಮ ಅವತಾರ!” ಎಂದು ಬಯ್ಗುಳ, ಬಯ್ಗುಳದ ಮಧ್ಯದಲ್ಲೇ ನಗು, ನಗುವಿನ ಮಧ್ಯದಲ್ಲೇ ಒಪ್ಪಿಗೆ. ಅತ್ತಿಗೆ ಇನ್ನೂ ಮೆಟ್ಟಿಲು ಇಳಿಯುತ್ತಿದ್ದಾಗಲೇ ಹಡಗಿನ ಸೈರನ್ ಕೂಗಿತು. ಅವಳ ಹಿಂದೆ, ಡಬ್ಬಿಯ ಚೀಲ ಹೊಟ್ಟೆಗೆ ಅವಚಿಕೊಂಡು ಪೂರ್ಣವಿರಾಮ ಅವರೂ ಓಡಿ ಬಂದರು. ಅವರು ಓಡಿದ್ದನ್ನು ಆ ಕಚೇರಿಯಲ್ಲಿ ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಆಕೆ ಕೂರಿಸಿದ ಜಾಗದಲ್ಲೇ ಕೂತಿದ್ದಳು. ಸ್ವೆಟರನ್ನು ಮಡಿಸಿ ಮಡಿಸಿ ಅಂಗೈಯಗಲ ಮಾಡಿಬಿಟ್ಟಿದ್ದಳು. ಅತ್ತಿಗೆ ಕೈಹಿಡಿದು ಎಬ್ಬಿಸಿ ಕೌಂಟರಿಗೆ ಕರೆತಂದು, ತಾನು ಗಾಜಿನ ಹಿಂದೆ ಹೋಗಿ ಪಾಸ್‌ಪೋರ್ಟನ್ನು ಮತ್ತೆ ಯಂತ್ರದ ಮೇಲಿಟ್ಟಳು. ಸ್ಕ್ರೀನ್ ಹಸಿರಾಗಲು ತೆಗೆದುಕೊಂಡ ಆ ಒಂದು ಕ್ಷಣದ ಬಗ್ಗೆ ಹೇಳುವಾಗ ಅತ್ತಿಗೆ ಈಗಲೂ ಉಗುಳು ನುಂಗುತ್ತಾಳೆ. ಹಸಿರಾಯಿತು. ‘ತಾನಾಗಿ.’ ಸೀಲು ಬಿತ್ತು. ಹಗ್ಗದ ಆಚೆ ಎದ್ದು ನಿಂತಿದ್ದ ಅಜ್ಜನಿಗೆ ಅತ್ತಿಗೆ ಹೆಬ್ಬೆರಳೆತ್ತಿ ತೋರಿಸಿದಳು. ಅವರು ಕೋಲು ಹಿಡಿದ ಕೈಯನ್ನೇ ಎತ್ತಿ ಬೀಳುವುದರಲ್ಲಿದ್ದರು, ಪಕ್ಕದವರು ಹಿಡಿದುಕೊಂಡರು.

ಪಾಸ್‌ಪೋರ್ಟ್ ತೆಗೆದುಕೊಂಡ ಆಕೆ ಎರಡೂ ಕೈ ಜೋಡಿಸಿದಳು. ಏನೋ ಹೇಳಲು ಬಾಯಿ ತೆರೆದವಳು ಗಕ್ಕನೆ ನಿಲ್ಲಿಸಿದಳು. ಅತ್ತಿಗೆಯ ಹಿಂದೆ ಏದುಸಿರು ಬಿಡುತ್ತ ನಿಂತಿದ್ದ ಪೂರ್ಣವಿರಾಮ ಅವರನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ, ಒಂದೊಂದೇ ಅಕ್ಷರ ಜೋಡಿಸಿ, ತಪ್ಪು ಮಾಡಬಾರದೆಂಬ ಎಚ್ಚರದಲ್ಲಿ ಅಂದಳು:

“ಹೋಗ್ತೀನಿ ತಾಯಿ.”

ಅತ್ತಿಗೆ ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಎಷ್ಟೋ ಜನರನ್ನು ಕಳಿಸಿದ್ದಾಳೆ, ಬೈಸಿಕೊಂಡಿದ್ದಾಳೆ, ಶಾಪ ಹಾಕಿಸಿಕೊಂಡಿದ್ದಾಳೆ. ಯಾವುದೂ ಹೀಗೆ ನಾಟಿರಲಿಲ್ಲವಂತೆ. ಆದರೆ ಮಾತಾಡಿದ್ದು ಪೂರ್ಣವಿರಾಮ.

“ಹಾಗನ್ನಬಾರದಮ್ಮ. ಬರ್ತೀನಿ ಅನ್ನಿ.”

ಆಕೆ ಅನುಮಾನದಿಂದ ಅವರ ಕೈಗಳನ್ನೇ ನೋಡಿದಳು. “ಬರ್ಕೋತೀಯಾ ಮಗಾ?”

“ಇಲ್ಲಮ್ಮ. ಬರ್ಕೊಳ್ಳಲ್ಲ.”

“ಬರ್ತೀನಿ ಮಗಾ,” ಅಂದಳು ಆಕೆ.

“ಹೋಗಿ ಬನ್ನಿ ಅಮ್ಮ,” ಅಂದರು ಪೂರ್ಣವಿರಾಮ.